ಜೇಬಿನಲ್ಲಿದ್ದ ಎರಡು ನಟ್ಟು

ಜಬ್ಬಾರ್ ಮಾವ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಬಾಯಿಂದ ಏನೇನು ಬರುತ್ತದೋ ನನಗೇ ಗೊತ್ತಿಲ್ಲ. ಅವನ ಹೆಸರೆತ್ತಿದರೆ ಇವತ್ತಿಗೂ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬರುತ್ತದೆ. ಎರಡೂ ಅವನಿಗೆ ಸಲ್ಲಬೇಕಾದ್ದೇ.

ಹನಗೋಡಿನಲ್ಲಿ ಅವನು ಬಂಡಿ ಮಾಡುತ್ತಿದ್ದ. ಕಾಡಿನಿಂದ ಮರ ತರುವ ಬಂಡಿಯವರಿಗೆ ಅವನು ಕೂಡಿಸಿದ ಚಕ್ರವೇ ಆಗಬೇಕು, ಬೇರೆಯವರದು ನಾಲ್ಕು ಮಳೆಗೆ ಸಡಿಲವಾಗುತ್ತದೆ ಅನ್ನುತ್ತಿದ್ದರು. ಹಾಗೆ ಮರ ಹೊಡೆಯುವ ಬಂಡಿಯವರಲ್ಲಿ ನಮ್ಮಪ್ಪ ಮುದ್ದಯ್ಯನೂ ಒಬ್ಬ. ನಾನು ಅಪ್ಪನ ಒಬ್ಬಳೇ ಮಗಳು, ಸೋಮಮ್ಮ. ಅಪ್ಪನೂ ಜಬ್ಬಾರ್ ಮಾವನೂ ಚಡ್ಡಿ ಹಾಕುವ ಮೊದಲಿನಿಂದ ಸ್ನೇಹಿತರು. ಬಕ್ರೀದಿಗೆ ಅವರ ಮನೆಯಿಂದ ನಮಗೆ ಅಕ್ಕಿ ಬೆಲ್ಲ ಬರುತ್ತಿತ್ತು, ಯುಗಾದಿಗೆ ನಮ್ಮ ಮನೆಯ ಒಬ್ಬಟ್ಟು ಮೊದಲು ಹೋಗುತ್ತಿದ್ದುದು ಅವರ ಮನೆಗೆ.

ಆ ಮೋಟಾರು ಸೈಕಲ್ಲು ಬಂದದ್ದು ಒಂದು ವಿಚಿತ್ರ. ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬನದು. ನಾಲೆಯ ಹತ್ತಿರ ಕೆಟ್ಟು ನಿಂತಿತೆಂದು ಅದನ್ನು ತಳ್ಳಿಸಿಕೊಂಡು ಬಂದು ಜಬ್ಬಾರ್ ಮಾವನ ಕೊಟ್ಟಿಗೆಯಲ್ಲಿ ಬಿಟ್ಟು ಹೋದ. ವರ್ಷವಾದರೂ ಬರಲಿಲ್ಲ. ಆಮೇಲೆ ತೋಟದ ಬಟ್ಲರು ಬಂದು, ದೊರೆ ಸೀಮೆಗೆ ಹೊರಟುಹೋದರು, ಅದು ನಿನಗೇ ಅಂತೆ ಎಂದ. ಜಬ್ಬಾರ್ ಮಾವ ಅವತ್ತು ಊಟ ಮಾಡಲಿಲ್ಲವಂತೆ. ಅವನೂ ನಮ್ಮಪ್ಪನೂ ಆರು ತಿಂಗಳು ಅದನ್ನು ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಅಪ್ಪ ಹುಣಸೂರಿನಿಂದ ಬಂಡಿಯಲ್ಲಿ ಪೆಟ್ರೋಲಿನ ಡಬ್ಬ ತಂದುಕೊಡುತ್ತಿದ್ದ.

ಕಡೆಗೆ ಅದು ಎದ್ದಿತು, ಊರಿನವರ ಬಾಯಲ್ಲಿ ಫಟ್‌ಫಟಿಯಾಯಿತು. ಎಂಜಿನ್ನಿನ ಪಕ್ಕದ ಸಣ್ಣ ಗುಂಡಿಯನ್ನು ಮೂರು ಸಲ ಒತ್ತಬೇಕು, ಎರಡು ಸಲ ಸುಮ್ಮನೆ ಒದೆಯಬೇಕು, ಮೂರನೆಯ ಸಲ ಮೈಭಾರವೆಲ್ಲ ಹಾಕಿ ಒದೆಯಬೇಕು. ಬೇರೆ ಯಾರು ಒದ್ದರೂ ಅದು ಕೆಮ್ಮಿ ಸುಮ್ಮನಾಗುತ್ತಿತ್ತು. ಇಡೀ ಹನಗೋಡಿನಲ್ಲಿ ಅದನ್ನು ಎಬ್ಬಿಸಬಲ್ಲವರು ಜಬ್ಬಾರ್ ಮಾವ ಮತ್ತು ನಮ್ಮಪ್ಪ, ಇಬ್ಬರೇ.

"ಇದ್ರಲ್ಲಿ ನಂದೂ ಒಂದು ಚಕ್ರ ಐತೆ ಕಣ್ಲಾ ಜಬ್ಬಾರು, ಮರೀಬ್ಯಾಡ" ಎಂದು ಅಪ್ಪ ಒಂದು ದಿನ ನಗುತ್ತ ಅಂದ. ಜಬ್ಬಾರ್ ಮಾವನೂ ನಕ್ಕ. ನಾನು ಅಲ್ಲೇ ಇದ್ದೆ. ಆ ನಗು ಸ್ವಲ್ಪ ತಡವಾಗಿ ಬಂತು ಅಂತ ಈಗ ಅನ್ನಿಸುತ್ತದೆ.

ಆ ವರ್ಷವೇ ಪಿರಿಯಾಪಟ್ಟಣದ ಸಂತೆಯಲ್ಲಿ ನಮ್ಮೂರ ಸಿದ್ದಯ್ಯನ ಹೊಸ ಬಂಡಿ, ಎತ್ತಿನ ಸಮೇತ ಕಳುವಾಯಿತು. ಜಬ್ಬಾರ್ ಮಾವನೇ ಮಾಡಿಕೊಟ್ಟ ಬಂಡಿ. ಅಲ್ಲಿಂದ ಶುರುವಾಯಿತು ನೋಡಿ ಇವನ ಹುಚ್ಚು. ಫಟ್‌ಫಟಿಯನ್ನು ಕೊಟ್ಟಿಗೆಯ ಕಂಬಕ್ಕೆ ಸರಪಳಿಯಿಂದ ಬಿಗಿದ. ಬೀಗ ಹಾಕಿ ಬೀಗದ ಕೈಯನ್ನು ಹೆಂಡತಿ ಫಾತಿಮುನ್ನೀಸಾಳ ಸೆರಗಿಗೆ ಕಟ್ಟಿದ. ಬಾಗಿಲಿಗೆ ಅಡ್ಡ ಜಾಲಿ ಮುಳ್ಳು ಎಳೆದ. ಒಂದು ನಾಯಿಯನ್ನೂ ತಂದ, ಅದು ಕಳ್ಳರನ್ನು ಬಿಟ್ಟು ಮನೆಯವರಿಗೆಲ್ಲ ಬೊಗಳುತ್ತಿತ್ತು. ಅಷ್ಟಾದರೂ ನಿದ್ದೆ ಇಲ್ಲ. "ಮಗಳನ್ನೂ ಇಷ್ಟು ಕಾಯಾಕಿಲ್ಲ ಇವ್ರು" ಎಂದು ಫಾತಿಮುನ್ನೀಸಾ ನಮ್ಮಮ್ಮನ ಹತ್ತಿರ ಹೇಳಿಕೊಂಡಿದ್ದಳು.

ಬಂಡಿಯವರದು ಒಂದು ಪದ್ಧತಿ ಇದೆ. ಸಂತೆಯಲ್ಲಿ ಬಂಡಿ ಬಿಟ್ಟು ಹೋಗುವಾಗ ಒಂದು ಚಕ್ರದ ಕಡಾಣಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಕಡಾಣಿ ಅಂದರೆ ಚಕ್ರ ಅಚ್ಚಿನಿಂದ ಜಾರದಂತೆ ತಡೆಯುವ ಕಬ್ಬಿಣದ ಮೊಳೆ. ಅದಿಲ್ಲದ ಬಂಡಿಯನ್ನು ಕಳ್ಳ ಹೊಡೆದುಕೊಂಡು ಹೋದರೆ ಹತ್ತು ಮಾರಿನಲ್ಲಿ ಮಗುಚುತ್ತದೆ. ಆದರೆ ಕಡಾಣಿ ಕಿತ್ತವನು ನೊಗಕ್ಕೆ ಒಂದು ಹಿಡಿ ಹಸಿ ಸೊಪ್ಪು ಕಟ್ಟಲೇಬೇಕು. ಗೊತ್ತಿಲ್ಲದ ನಮ್ಮವರೇ ಯಾರಾದರೂ ಎತ್ತು ಹೂಡಿ ಸತ್ತಾರು ಅಂತ. ಜೊತೆಗೆ ಬಂಡಿ ಹತ್ತುವ ಯಾವನೇ ಆಗಲಿ ಮೊದಲು ಎರಡೂ ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡಿಯೇ ಹತ್ತಬೇಕು. ನಮ್ಮಪ್ಪನಂತೂ ದೇವರಿಗೆ ಕೈ ಮುಗಿಯುವುದನ್ನು ಮರೆತರೂ ಇದನ್ನು ಮರೆಯುತ್ತಿರಲಿಲ್ಲ.

ಜಬ್ಬಾರ್ ಮಾವ ಈ ಪದ್ಧತಿಯನ್ನು ಫಟ್‌ಫಟಿಗೂ ತಂದ. ಅದರ ಮುಂದಿನ ಚಕ್ರವನ್ನು ಹಿಡಿದ ಎರಡು ನಟ್ಟುಗಳನ್ನು ಬಿಚ್ಚಿ ಜುಬ್ಬದ ಜೇಬಿಗೆ ಹಾಕಿಕೊಳ್ಳುತ್ತಿದ್ದ. ನೋಡಿದರೆ ಗಾಡಿ ನೆಟ್ಟಗೇ ನಿಂತಿರುತ್ತದೆ. ಹತ್ತಿ ಹೊರಟರೂ ಸ್ವಲ್ಪ ದೂರ ಹೋಗುತ್ತದೆ. ಎಲ್ಲಾದರೂ ಗುಂಡಿಗೆ ಬಿದ್ದು ಮುಂಭಾಗ ಒಂದು ಸಲ ನೆಗೆಯಿತೋ, ಚಕ್ರ ಅದರ ದಾರಿ ಹಿಡಿಯುತ್ತದೆ. ಸೊಪ್ಪು ಮಾತ್ರ ಕಟ್ಟಲಿಲ್ಲ ಮಹಾರಾಯ. ಕಟ್ಟಿದರೆ ಕಳ್ಳನಿಗೆ ಗೊತ್ತಾಗುತ್ತದಲ್ಲ! ಹೆಂಡತಿಗೆ ಹೇಳಲಿಲ್ಲ, ನಮ್ಮಪ್ಪನಿಗೂ ಹೇಳಲಿಲ್ಲ. ತಾನು ಕಟ್ಟಿದ ಕೋಟೆಯ ಬಾಗಿಲು ಎಲ್ಲಿದೆ ಅಂತ ತನಗೊಬ್ಬನಿಗೇ ಗೊತ್ತಿರಬೇಕು ಅನ್ನುವ ಜಂಬ.

ಮೂವತ್ತನಾಲ್ಕನೇ ಇಸವಿ, ಒಂದು ಶುಕ್ರವಾರ ಮಧ್ಯಾಹ್ನ. ಮುಸಲ್ಮಾನ ಗಂಡಸರೆಲ್ಲ ಮಸೀದಿಯಲ್ಲಿದ್ದರು. ಅಪ್ಪ ಬಂಡಿಯ ಮುರಿದ ಗೂಟ ಹಿಡಿದುಕೊಂಡು ಜಬ್ಬಾರ್ ಮಾವನ ಮನೆಗೆ ಹೋದ, ಜೊತೆಗೆ ನಾನೂ ಹೋದೆ. ನನಗಾಗ ಹತ್ತು ವರ್ಷ. ಕೊಟ್ಟಿಗೆಗೆ ಕಾಲಿಡುವಷ್ಟರಲ್ಲಿ ಫಾತಿಮುನ್ನೀಸಾ ಕಿರುಚಿದ್ದು ಕೇಳಿತು. ಅವಳ ಐದು ವರ್ಷದ ಮಗಳು ರಜಿಯಾ, ತನ್ನಪ್ಪನ ಹಾಗೆ ಮರ ಕೆತ್ತಲು ಹೋಗಿ ಬಾಚಿಯನ್ನು ತನ್ನ ಕಾಲಿಗೇ ಹೊಡೆದುಕೊಂಡಿದ್ದಳು. ಅಯ್ಯಪ್ಪಾ, ಆ ರಕ್ತ! ಮೀನಖಂಡದಿಂದ ಬುಗ್ಗೆಯ ಹಾಗೆ ಬರುತ್ತಿತ್ತು. ಅಪ್ಪ ರುಮಾಲು ಹರಿದು ಬಿಗಿದ. ಬಟ್ಟೆ ನೋಡನೋಡುತ್ತಿದ್ದ ಹಾಗೆ ಕೆಂಪಾಯಿತು.

"ಅವ್ರುನ್ನ ಕರೀತೀನಿ" ಎಂದು ಫಾತಿಮುನ್ನೀಸಾ ಓಡಲು ಹೊರಟಳು.

"ಕರ್ಕಂಬರೋಗಂಟ ಮಗ ಉಳಿಯಾಕಿಲ್ಲ ಬೂಬಮ್ಮ! ಹುಣಸೂರು ಆಸ್ಪತ್ರೆ ಎಂಟು ಮೈಲಿ, ಬಂಡೀಲಿ ಆಗಾಕಿಲ್ಲ. ಬೀಗ ತೆಗೀರಿ!"

ಅವಳು ಸೆರಗಿನ ಗಂಟು ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆದಳು. ಅಪ್ಪ ರಜಿಯಾಳನ್ನು ಪಂಚೆಯಿಂದ ಎದೆಗೆ ಕಟ್ಟಿಕೊಂಡ. ಗುಂಡಿ ಒತ್ತಿದ, ಎರಡು ಸಲ ಒದ್ದ, ಮೂರನೆಯ ಒದೆತಕ್ಕೆ ಅದು ಎದ್ದಿತು. ಊರಿಗೆಲ್ಲ ಕೇಳುವ ಸದ್ದು. ನಾಯಿ ಬೊಗಳುತ್ತಿತ್ತು, ಅಪ್ಪ ಹೊರಟೇ ಹೋದ.

ಮಸೀದಿ ಅಲ್ಲಿಂದ ಐವತ್ತು ಮಾರು. ಫಾತಿಮುನ್ನೀಸಾಳೂ ನಾನೂ ಅಲ್ಲಿಗೆ ಓಡಿದೆವು. ನಾವು ಮೆಟ್ಟಿಲ ಹತ್ತಿರ ಬರುವಾಗ ನಮಾಜು ಮುಗಿದು ಜನ ಹೊರಗೆ ಬರುತ್ತಿದ್ದರು. ಮುಲ್ಲಾ ಸಾಬರು ಜಬ್ಬಾರ್ ಮಾವನನ್ನು ಗದರುತ್ತಿದ್ದರು.

"ನಿನ್ ಗಾಡಿ ಓದ ಸದ್ದು ನಮ್ಗೆಲ್ಲ ಕೇಳುಸ್ತಲ್ಲಯ್ಯ! ಆಸ್ತಿ ಕಳುವಾಗ್ತಾ ಇದ್ರೆ ನಮಾಜು ಮುರ್ದು ಓಡ್ಬೋದು, ಪಾಪ ಇಲ್ಲ. ಯಾಕೆ ಸುಮ್ಕೆ ನಿಂತಿದ್ದೆ?"

ಜಬ್ಬಾರ್ ಮಾವ ನಗುತ್ತಿದ್ದ. ನನ್ನ ಕಣ್ಣಾರೆ ನೋಡಿದ್ದೇನೆ, ನಗುತ್ತಿದ್ದ! ಜೇಬಿನಿಂದ ಎರಡು ನಟ್ಟು ತೆಗೆದು ಅಂಗೈಯಲ್ಲಿಟ್ಟು ಪಕ್ಕದ ಪೀರ್ ಸಾಬನಿಗೆ ತೋರಿಸಿದ. "ಓಗ್ಲಿ ಬುಡಿ ಸಾಬ್ರೇ, ಎಲ್ಗೋಯ್ತಾನೆ? ಚಕ್ರದ ಪ್ರಾಣ ಇಲ್ಲೈತೆ. ನಾಲೆ ತಿರುವು ದಾಟಾಕಿಲ್ಲ ಕಳ್ಳ ನನ್ಮಗ."

ಫಾತಿಮುನ್ನೀಸಾಳ ಸೀರೆಯ ಮೇಲಿನ ರಕ್ತ ನೋಡಿ ಜನ ದಾರಿ ಬಿಟ್ಟರು. "ರಜಿಯಾಗೆ ಬಾಚಿ ಬಿತ್ತು ಕಣ್ರೀ" ಎಂದಳು. "ಮುದ್ದಯ್ಯಣ್ಣ ಎದೆಗೆ ಕಟ್ಕಂಡು ಆಸ್ಪತ್ರೆಗೆ ಓದ್ರು. ನಿಮ್ ಗಾಡೀಲಿ."

ಜಬ್ಬಾರ್ ಮಾವ ಹೆಂಡತಿಯ ಮುಖ ನೋಡಲಿಲ್ಲ. ಅಂಗೈ ನೋಡಿಕೊಂಡ. ನನಗೆ ಮೊದಲು ಅರ್ಥವಾಗಲಿಲ್ಲ. ಪೀರ್ ಸಾಬ "ಯಾ ಅಲ್ಲಾ" ಎಂದು ಮೆಟ್ಟಿಲ ಮೇಲೆ ಕುಸಿದು ಕೂತಾಗ ಅರ್ಥವಾಯಿತು. ಚಕ್ರಕ್ಕೆ ಪ್ರಾಣ ಇಲ್ಲದ ಗಾಡಿಯ ಮೇಲೆ ನಮ್ಮಪ್ಪ ಹೋಗುತ್ತಿದ್ದಾನೆ!

ಜಬ್ಬಾರ್ ಮಾವ ಮೆಟ್ಟು ಬಿಟ್ಟು ಓಡಿದ. ನಟ್ಟುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಓಡಿದ, ಈಗ ಕೊಟ್ಟರೂ ಆಗುತ್ತದೇನೋ ಅನ್ನುವ ಹಾಗೆ. "ಮುದ್ದಾ! ನಿಲ್ಸೋ! ನಿಲ್ಸೋ ಮುದ್ದಾ!" ಎಂದು ಖಾಲಿ ರಸ್ತೆಗೆ ಕೂಗುತ್ತಿದ್ದ. ನಾನೂ ಅಳುತ್ತ ಹಿಂದೆ ಓಡಿದೆ. ನಾಲೆಯ ತಿರುವಿಗೆ ಒಂದು ಮೈಲಿ. ಪ್ರತಿ ಹೆಜ್ಜೆಗೂ, ಕಾಣಬಾರದು ದೇವರೇ, ಅಲ್ಲಿ ಏನೂ ಕಾಣಬಾರದು, ಅಪ್ಪ ದಾಟಿ ಹೋಗಿರಲಿ ಅಂತ ಬೇಡಿಕೊಂಡೆ.

ಕಂಡಿತು. ಮೊದಲು ಚಕ್ರ, ರಾಗಿ ಹೊಲದ ನಡುವೆ ಒಂಟಿಯಾಗಿ ಬಿದ್ದಿತ್ತು. ಆಮೇಲೆ ಗಾಡಿ, ಅದರ ಅಡಿಯಲ್ಲಿ ಅಪ್ಪ. ಬೀಳುವಾಗ ಮಗುವನ್ನು ಮೇಲೆ ಮಾಡಿಕೊಂಡು ತಾನು ಅಡಿಯಾಗಿದ್ದಾನೆ. ಬಲಗಾಲು ಎಂಜಿನ್ನಿಗೂ ಕಲ್ಲಿಗೂ ನಡುವೆ ಸಿಕ್ಕಿ ಕಾಲಿನ ಹಾಗೇ ಇರಲಿಲ್ಲ. ರಜಿಯಾ ಅವನ ಎದೆಯ ಮೇಲೆ ಬಿಳಚಿಕೊಂಡು ಮಲಗಿ ಕಣ್ಣು ಬಿಡುತ್ತಿದ್ದಳು.

"ಮಗೀಗೆ ಏನೂ ಆಗಿಲ್ಲ ಕಣೋ" ಎಂದ ಅಪ್ಪ. "ಮೊದ್ಲು ಅದುನ್ನ ಬಿಚ್ಕಂಡು ಓಗು. ನನ್ನ ಆಮೇಕೆ ನೋಡ್ಕಳವಾ."

ಆ ಹೊತ್ತಿಗೆ ಊರಿನ ಕಡೆಯಿಂದ ಪೋಸ್ಟಿನವನ ಸೈಕಲ್ಲು ಬಂತು. ಅದರ ಮೇಲೆ ಮಗುವನ್ನು ಕೂರಿಸಿಕೊಂಡು ಜಬ್ಬಾರ್ ಮಾವ ಹೋದ. ಅಪ್ಪನನ್ನು ಬಂಡಿಯಲ್ಲಿ ಸಾಗಿಸುವಾಗ ಹೊತ್ತು ಮುಳುಗುತ್ತಿತ್ತು. ರಜಿಯಾಳಿಗೆ ಹನ್ನೊಂದು ಹೊಲಿಗೆ ಬಿತ್ತು, ಬದುಕಿದಳು. ಅಪ್ಪನನ್ನು ಮೈಸೂರಿಗೆ ಕಳಿಸಿದರು. ಅಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಜಬ್ಬಾರ್ ಮಾವ ಆಸ್ಪತ್ರೆಗೆ ಬಂದು ಮಂಚದ ಕಾಲು ಹಿಡಿದುಕೊಂಡು ಗೋಳೋ ಎಂದು ಅತ್ತ. ಅಮ್ಮ ಮುಖ ತಿರುಗಿಸಿಕೊಂಡಳು. ಅಪ್ಪ ಒಂದೇ ಮಾತು ಹೇಳಿದ. "ಬಂಡಿ ಆಗಿದ್ರೆ ಕಡಾಣಿ ಮುಟ್ಟಿ ನೋಡ್ತಿದ್ದೆ ಕಣೋ ಜಬ್ಬಾರು. ನಿನ್ ಮನೆ ಗಾಡಿ ಅಂತ ನೋಡ್ನಿಲ್ಲ."

ಆಮೇಲಿನ ಜಬ್ಬಾರ್ ಮಾವ ಬೇರೆಯೇ ಮನುಷ್ಯ. ಫಟ್‌ಫಟಿಯನ್ನು ಮೈಸೂರಿನವನೊಬ್ಬ ಕೇಳಿದ ತಕ್ಷಣ ಕೊಟ್ಟುಬಿಟ್ಟ. ಸರಪಳಿ ಬಿಚ್ಚಿದ, ಮುಳ್ಳು ತೆಗೆದ, ಮನೆಗೆ ಬೀಗ ಹಾಕುವುದನ್ನೇ ಬಿಟ್ಟ. ಹೊನ್ನೆ ಮರದಲ್ಲಿ ಅಪ್ಪನಿಗೆ ಕಾಲು ಕೆತ್ತಿ, ಚರ್ಮದ ಪಟ್ಟಿ ಹಾಕಿ ಕೊಟ್ಟ. ಅದು ಸವೆದಾಗ ಇನ್ನೊಂದು, ಅದೂ ಸವೆದಾಗ ಮತ್ತೊಂದು. ಬೆಳಿಗ್ಗೆ ಎದ್ದು ಬಂದು ನಮ್ಮ ಎತ್ತು ಹೂಡಿ, ಅಪ್ಪನನ್ನು ಹತ್ತಿಸಿ, ಎರಡೂ ಕಡಾಣಿ ತಾನೇ ಮುಟ್ಟಿ ನೋಡಿ ಮನೆಗೆ ಹೋಗುತ್ತಿದ್ದ. ಹನ್ನೆರಡು ವರ್ಷ ಒಂದು ದಿನ ತಪ್ಪಿಸಲಿಲ್ಲ. ನನ್ನ ಕೋಪವೂ ಕರಗಿತು. ಕಳ್ಳನಿಗೆ ಹೂಡಿದ ಬಲೆಗೆ ನಮ್ಮವರೇ ಬಿದ್ದರು, ಪಾಪ ಅವನಿಗೇನು ಗೊತ್ತಿತ್ತು ಅಂತ ನಾನೂ ಊರೂ ಅಂದುಕೊಂಡಿದ್ದೆವು.

ನಲವತ್ತಾರರಲ್ಲಿ ನಾನು ಗಂಡನ ಮನೆಯಿಂದ ಯುಗಾದಿಗೆ ಬಂದಿದ್ದೆ. ಒಬ್ಬಟ್ಟು ಕೊಡಲು ಹೋದಾಗ ಜಬ್ಬಾರ್ ಮಾವ ಜ್ವರದಲ್ಲಿ ಮಲಗಿದ್ದ. ಫಾತಿಮುನ್ನೀಸಾ ಹಿತ್ತಲಿನಲ್ಲಿದ್ದಳು.

"ಕೂತ್ಕೋ ಸೋಮಿ" ಎಂದ. "ಅವತ್ತು ಸದ್ದು ಕೇಳ್ದಾಗ್ಲೇ ನಂಗೆ ಗೊತ್ತಾಯ್ತು."

"ಏನ್ ಗೊತ್ತಾಯ್ತು ಮಾವ?"

"ಅದುನ್ನ ಒದ್ದು ಎಬ್ಬುಸ್ದೋನು ನಿಮ್ಮಪ್ಪ ಅಂತ."

"ನಮ್ಮಪ್ಪನ್ನ ಕಳ್ಳ ಅಂದ್ಕಂಡ್ಯಾ?"

"ಅಂದ್ಕಂಡೆ. ನಂದೂ ಒಂದು ಚಕ್ರ ಐತೆ ಅಂದಿದ್ನಲ್ಲ, ತಗಂಡೋದ ಅಂದ್ಕಂಡೆ."

"ಬೀಳ್ತಾನೆ ಅಂತ ಗೊತ್ತಿತ್ತಲ್ಲ ಮಾವ!"

"ಗೊತ್ತಿತ್ತು. ಬೀಳ್ಲಿ ಅಂದ್ಕಂಡೇ ತಲೆ ನೆಲಕ್ಕಿಟ್ಟೆ ತಾಯಿ."

ಒಬ್ಬಟ್ಟಿನ ತಟ್ಟೆಯನ್ನು ಅಲ್ಲೇ ಕುಕ್ಕಿ ಹೊರಗೆ ಬಂದೆ. ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದೆ. ಎಂಥಾ ಮನುಷ್ಯನಯ್ಯಾ ಇವನು! ಚಡ್ಡಿ ಸ್ನೇಹಿತ ಬಿದ್ದು ಸಾಯಲಿ ಅಂತ ದೇವರ ಮುಂದೆ ಬಗ್ಗಿದ್ದನಲ್ಲ! ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತು ಮರದ ಕಾಲಿನ ಪಟ್ಟಿಗೆ ಎಣ್ಣೆ ಸವರುತ್ತಿದ್ದ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ.

ಅಪ್ಪ ಎಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣವ್ವ."

"ಯಾವಾಗ ಯೋಳ್ದ?"

"ಯೋಳ್ನಿಲ್ಲ. ಈ ಊರಲ್ಲಿ ಅದುನ್ನ ಎಬ್ಬುಸೋರು ಇಬ್ರೇ. ಒಬ್ಬ ಮಸೀದೀಲಿದ್ದ."

ಹನ್ನೆರಡು ವರ್ಷ! ಹನ್ನೆರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅವನ ಕೈ ಹಿಡಿದೇ ಬಂಡಿ ಹತ್ತಿದ್ದ ನಮ್ಮಪ್ಪ. ಅಪ್ಪ ಕಾಲು ಕಟ್ಟಿಕೊಂಡು ಎದ್ದ.

"ಜ್ವರ ಜಾಸ್ತಿ ಐತಾ ಅವ್ನಿಗೆ?" ಎಂದ.

ಅಪ್ಪ ಕೋಲು ಹಿಡಿದು, ಆ ಹೊನ್ನೆ ಕಾಲಿನಲ್ಲಿ ಟಕ್ ಟಕ್ ಎಂದು ಜಬ್ಬಾರ್ ಮಾವನ ಮನೆಯ ಕಡೆ ನಡೆದುಕೊಂಡು ಹೋದ.