ಗೌರಿಯ ಕಣ್ಣಿನ ಕೆಳಗಿನ ಸುಳಿ

ಗೌರಿಯ ಎಡಗಣ್ಣಿನ ಕೆಳಗೆ ಸುಳಿ ಇತ್ತು. ನಾನು ಅವಳನ್ನು ಕೊಟ್ಟ ದಿನವೂ ಇತ್ತು, ಅದಕ್ಕೆ ಮೊದಲು ನನ್ನ ಬಳಿ ಇದ್ದಷ್ಟು ವರ್ಷವೂ ಇತ್ತು. ಇರಲಿಲ್ಲ ಎಂದು ಊರ ಜನರ ಮುಂದೆ ಹೇಳಿದವನು ನಾನು. ಆ ಒಂದು ಮಾತಿಗೆ ಸಾಕಮ್ಮ ಎಂಬ ಹೆಣ್ಣುಮಗಳು ಗಂಡನ ಮನೆ ಬಿಟ್ಟು ಹೋಗಬೇಕಾಯಿತು. ಇಷ್ಟನ್ನು ಬರೆಯುವುದಕ್ಕೆ ನನಗೆ ಹದಿನಾಲ್ಕು ವರ್ಷ ಹಿಡಿಯಿತು — ಎಂಥ ಗಂಡಸು ನೋಡಿ!

ಗೌರಿ ನನ್ನ ಕುದುರೆ. ಹಳ್ಳಿಹಳ್ಳಿಗೆ ಹೋಗಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವುದು ನನ್ನ ಕೆಲಸ. ಮಧುಗಿರಿಯಿಂದ ಹೊರಟರೆ ಪಾವಗಡದ ಗಡಿಯವರೆಗೂ ಅವಳ ಬೆನ್ನ ಮೇಲೆಯೇ ನನ್ನ ಸಂಸಾರ. ಅವಳನ್ನು ಶಿರಾದ ಜಟಕಾ ಸಾಬರೊಬ್ಬರಿಂದ ಕೊಂಡಿದ್ದೆ. ಆತ ಪ್ರಾಮಾಣಿಕ, ಮೊದಲೇ ತೋರಿಸಿ ಹೇಳಿದ್ದ: "ದೇಖೋ ಅಯ್ಯೋರೇ, ಕಣ್ಣಿನ ಕೆಳಗೆ ಆಂಸು ಸುಳಿ ಐತೆ. ಆಮೇಲೆ ನನ್ನ ಬೈಬ್ಯಾಡಿ."

ಆಂಸು ಎಂದರೆ ಕಣ್ಣೀರು. ಕಣ್ಣೀರು ಇಳಿಯುವ ಜಾಗದಲ್ಲಿ ಕೂದಲು ಸುತ್ತಿಕೊಂಡಿದ್ದರೆ ಆ ಕುದುರೆ ಕಟ್ಟಿದ ಮನೆಯವರು ಅಳುತ್ತಾರಂತೆ. ಎತ್ತಾಗಲಿ ಕುದುರೆಯಾಗಲಿ, ನಮ್ಮ ಕಡೆಯವರು ಹಲ್ಲು ನೋಡುವುದಕ್ಕೆ ಮೊದಲು ಸುಳಿ ನೋಡುತ್ತಾರೆ. ನಾನು ನಾಲ್ಕಕ್ಷರ ಓದಿದವನಲ್ಲವೇ — ನಕ್ಕು, ಹಗ್ಗ ಹಿಡಿದು ಬಂದೆ. ಆದರೆ ಊರವರು ಅದನ್ನು ಕಂಡರೆ ನನ್ನ ಹತ್ತಿರ ಮಕ್ಕಳನ್ನು ಕರೆತರುತ್ತಾರೆಯೇ? ಹಾಗಾಗಿ ಲಗಾಮಿನ ಕೆನ್ನೆಪಟ್ಟಿಯನ್ನು ಅಗಲವಾಗಿ ಹೊಲಿಸಿ, ಅದರ ಮೇಲೆ ಒಂದು ಕೆಂಪು ಉಣ್ಣೆಯ ಕುಚ್ಚು ಕಟ್ಟಿಸಿದೆ. ಎಲ್ಲರೂ ಅದನ್ನು ಶೋಕಿ ಅಂದುಕೊಂಡರು.

ಕೊನೆಗೆ ನನಗೆ ಸೈಕಲ್ಲು ಬಂತು. ಗೌರಿಗೆ ವಯಸ್ಸಾಗಿತ್ತು, ಏರು ಹತ್ತುವಾಗ ಮುಂಗಾಲು ನಡುಗುತ್ತಿತ್ತು. ಜಟಕಾದವರು ಕೇಳಿದರು, ಕೊಡಲಿಲ್ಲ. ಗಾಡಿಗೆ ಕಟ್ಟಿ ಆರು ತಿಂಗಳಲ್ಲಿ ಮುಗಿಸಿಬಿಡುತ್ತಾರೆ. ಅಷ್ಟು ವರ್ಷ ನನ್ನನ್ನು ಹೊತ್ತವಳಿಗೆ ನೆರಳು, ನೀರು, ಬೈಯದ ಒಂದು ಕೈ ಬೇಕೆಂದು ಹುಡುಕಿದೆ. ಕೊರಟಗೆರೆಯ ವರ್ತಕರೊಬ್ಬರು ಬಹಳ ಆಸೆಯಿಂದ ಬಂದರು. ಕುಚ್ಚು ಎತ್ತಿ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಬುಕ್ಕಾಪಟ್ಟಣದ ಕುರುಬರ ಯಜಮಾನ ಮಾತ್ರ ಅವಳ ಕತ್ತು ತಟ್ಟಿ, "ಪಾಪ, ಇದೇನ್ ಮಾಡ್ತು? ಆದ್ರೂ ಬ್ಯಾಡ ಬುಡಿ" ಎಂದ.

ಆಗ ನೆನಪಾದವಳು ಸಾಕಮ್ಮ. ಐ.ಡಿ.ಹಳ್ಳಿಯಿಂದ ಆಚೆ ಒಂದು ಊರು, ಅಲ್ಲಿ ಹನುಮಂತಪ್ಪ ಎಂಬ ಹಿರಿಯರ ಸೊಸೆ ಅವಳು. ತವರು ಪಾವಗಡದ ಕಡೆ, ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. ನಾನು ಹೋದಾಗಲೆಲ್ಲ ನನಗೆ ಮಜ್ಜಿಗೆ ಕೊಡುವುದಕ್ಕಿಂತ ಮೊದಲು ಗೌರಿಗೆ ಬೇಯಿಸಿದ ಹುರುಳಿ ಇಡುತ್ತಿದ್ದಳು. "ರಾವೇ ನಾ ತಲ್ಲಿ, ಬಾರೇ ನನ್ನವ್ವ, ತಿನ್ನು, ನಿಮ್ಮ ಅಯ್ಯೋರು ಬರೀ ಓಡಿಸ್ತಾರೆ" ಎಂದು ನನ್ನ ಕಡೆ ಓರೆಗಣ್ಣು ಬಿಡುವಳು. ವಿಷಯ ತಿಳಿದದ್ದೇ ಮಾವನನ್ನು ಕಾಡಿದಳಂತೆ. ಅವರಿಗೂ ಮಂಡಿನೋವು, ಹೊಲಕ್ಕೆ ಹೋಗಲು ಸಾಧುವಾದ ಕುದುರೆ ಬೇಕಿತ್ತು. ಇದಕ್ಕಿಂತ ಒಳ್ಳೆಯ ಮನೆ ಇನ್ನೆಲ್ಲಿ?

ಆದರೆ ನಮ್ಮಲ್ಲೊಂದು ರೂಢಿ. ಪ್ರಾಣಿಯನ್ನು ಕೊಡುವವರು ತಮ್ಮ ಹಗ್ಗ, ಲಗಾಮು ಬಿಚ್ಚಿಟ್ಟುಕೊಂಡು ಬರಿಮುಖದಲ್ಲಿ ಒಪ್ಪಿಸಬೇಕು. ಕೊಳ್ಳುವವರು ಹೊಸ ಹಗ್ಗ ಹಾಕಬೇಕು. ಕುಚ್ಚಿನ ಆಟ ಅಲ್ಲಿಗೆ ಮುಗಿಯಿತು. ಕೊಡುವ ದಿನ ಬೆಳಿಗ್ಗೆ ನಾನು — ಬರೆದುಬಿಡುತ್ತೇನೆ — ಲಸಿಕೆ ಹಾಕುವ ನನ್ನ ಸಣ್ಣ ಚೂರಿಯಿಂದಲೇ ಅವಳ ಕಣ್ಣಿನ ಕೆಳಗಿನ ಕೂದಲನ್ನು ಬೋಳಿಸಿ, ಹರಳೆಣ್ಣೆಗೆ ದೀಪದ ಮಸಿ ಕಲಸಿ ಬಳಿದೆ. ಗೌರಿ ಕಣ್ಣು ಮುಚ್ಚಿಕೊಂಡು ಸುಮ್ಮನೆ ನಿಂತಿದ್ದಳು. ನಾನು ಏನು ಮಾಡಿದರೂ ಒಳ್ಳೆಯದಕ್ಕೇ ಎಂಬ ನಂಬಿಕೆ ಅವಳಿಗೆ.

"ನೊಣ ಕಡಿದು ಹುಣ್ಣಾಗಿದೆ, ಔಷಧಿ ಹಚ್ಚಿದ್ದೇನೆ" ಎಂದೆ. ಯಾರೂ ಕೆದಕಿ ಕೇಳಲಿಲ್ಲ. ಸಾಕಮ್ಮ ಹೊಸ ಹಗ್ಗ ಹಾಕಿ, ಅರಿಸಿನ ಕುಂಕುಮ ಹಚ್ಚಿ, ಬೇವಿನ ಮರದ ಕೆಳಗೆ ಕಟ್ಟಿದಳು. ನಾನು ದಾರಿಯುದ್ದಕ್ಕೂ ಅಳುತ್ತ ಬಂದೆ. ಜೊತೆಗೆ, ಹೇಗೋ ಗೆದ್ದೆ ಎಂಬ ಹಿಗ್ಗೂ ಇತ್ತು.

ಮೂರು ತಿಂಗಳೂ ತುಂಬಿರಲಿಲ್ಲ. ಸಾಕಮ್ಮನ ಗಂಡ ಜ್ವರ ಬಂದು ಒಂದೇ ವಾರದಲ್ಲಿ ಹೋಗಿಬಿಟ್ಟ. ಜ್ವರ ಆ ವರ್ಷ ಎಷ್ಟೋ ಮನೆಗೆ ಬಂದಿತ್ತು. ಆದರೆ ತಿಥಿಯ ದಿನ ನೆಂಟರೊಬ್ಬರು ಗೌರಿಯ ಮುಖ ನೋಡಿದರು. ಕೂದಲು ಬೆಳೆದಿತ್ತು, ಸುಳಿಯೂ ಬೆಳೆದಿತ್ತು.

ನನಗೆ ಹೇಳಿಕಳಿಸಿದರು. ಅಂಗಳದ ತುಂಬ ಜನ. ಹನುಮಂತಪ್ಪನವರು ಸಿಟ್ಟು ಮಾಡಲಿಲ್ಲ. ಮಗನನ್ನು ಕಳಕೊಂಡವರಿಗೆ ಸಿಟ್ಟಿಗೂ ತ್ರಾಣ ಇರಲಿಲ್ಲ. "ಅಯ್ಯೋರೇ, ನೀವು ಸುಳ್ಳಾಡೋರಲ್ಲ. ಒಂದೇ ಮಾತು ಹೇಳ್ಬುಡಿ. ನೀವು ಕೊಟ್ಟಾಗ ಈ ಸುಳಿ ಇತ್ತಾ?"

ಇತ್ತು ಎನ್ನಬೇಕು, ಬಾಯಿ ತೆರೆದೆ. ಕಟ್ಟೆಯ ಮೇಲೆ ಕೂತವರ ಕಣ್ಣೆಲ್ಲ ನನ್ನ ಮೇಲೆ. ಈ ಊರಿಗೆ ಇನ್ನು ಕಾಲಿಡುವುದು ಹೇಗೆ, ಕೆಲಸ ಉಳಿಯುತ್ತದೆಯೇ, ಅಯ್ಯೋರು ಮೋಸಗಾರ ಎಂದರೆ —

"ನಾನು ಕೊಟ್ಟಾಗ ಇರಲಿಲ್ಲ" ಎಂದೆ.

ನಾನು ಬಚಾವಾದೆ ಅಂದುಕೊಂಡೆ. ಆ ಮಾತು ಎಲ್ಲಿಗೆ ಹೋಗಿ ಬೀಳುತ್ತದೆಂದು ಯೋಚಿಸಲಿಲ್ಲ. ಅತ್ತೆ ಎದೆ ಎದೆ ಬಡಿದುಕೊಂಡು ಸೊಸೆಯ ಕಡೆ ತಿರುಗಿದಳು: "ಅಂಗಾದ್ರೆ ನಿನ್ ಕೈಗೆ ಬಂದ್ಮೇಲೆ ಮೂಡ್ತಲ್ಲೇ! ಕುದ್ರೆ ಮುಖದಾಗೆ ಬಂದಿದ್ದು ನಿನ್ ಹಣೇಬರ ಕಣೇ, ನನ್ ಮಗನ್ನ ತಿಂದ್ಬುಟ್ಟಲ್ಲೇ!"

ಸಾಕಮ್ಮ ಬಾಗಿಲ ಮೂಲೆಯಲ್ಲಿ ಕೂತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಅಷ್ಟೇ; ಏನೂ ಹೇಳಲಿಲ್ಲ. ನಾನಾದರೂ ಹೇಳಬಹುದಿತ್ತು. ಇನ್ನೂ ಹೊತ್ತಿತ್ತು. ನಾನು ಸೈಕಲ್ ಹತ್ತಿದೆ.

ವಾರ ಕಳೆದ ಮೇಲೆ ಪಾವಗಡದ ರಸ್ತೆಯಲ್ಲಿ ಅವರಿಬ್ಬರೂ ಎದುರಾದರು. ಅವಳ ತಲೆಯ ಮೇಲೆ ಒಂದು ಗಂಟು, ಕೈಯಲ್ಲಿ ಗೌರಿಯ ಹಗ್ಗ. ಮನೆಯವರು ಅವಳನ್ನು ತವರಿಗೆ ಹೋಗೆಂದರಂತೆ, ಕುದುರೆಯನ್ನು ಕಾಡಿಗೆ ಅಟ್ಟುತ್ತೇವೆಂದರಂತೆ. ಗೌರಿಯನ್ನೂ ತಾನೇ ಕರಕೊಂಡು ಹೋಗುತ್ತೇನೆಂದು ಹೊರಟುಬಿಟ್ಟಿದ್ದಳು. ಗೌರಿ ನನ್ನ ವಾಸನೆ ಹಿಡಿದು, ಮೂತಿಯನ್ನು ನನ್ನ ಅಂಗಿಯ ಜೇಬಿಗೆ ತುರುಕಿದಳು. ಯಾವಾಗಲೂ ಅಲ್ಲಿ ಬೆಲ್ಲ ಇಟ್ಟಿರುತ್ತಿದ್ದೆ. ಆ ದಿನ ಇರಲಿಲ್ಲ.

ಸಾಕಮ್ಮನೇ ಮಾತಾಡಿದಳು. "ನೀವು ಬೋಳ್ಸಿದ್ದು ನಂಗೆ ಗೊತ್ತಿತ್ತು ಅಯ್ಯೋರೇ. ಎರಡನೇ ದಿನ ಮೈ ತೊಳೀವಾಗ್ಲೇ ಬೋಳ್ಸಿದ ಜಾಗ ಕೈಗೆ ಸಿಕ್ತು. ಇದ್ನ ಓಡಿಸ್ಬುಡ್ತಾರೆ ಅಂತ ನಾನೂ ದಿನಾ ಅರಿಸಿನ ಮೆತ್ತಿ ಮುಚ್ತಿದ್ದೆ. ನಮ್ಮ ಯಜಮಾನ್ರು ಜ್ವರ ಬಂದು ಮಲಗ್ದಾಗಿಂದ ಆಗ್ಲಿಲ್ಲ."

"ಮತ್ತೆ ಅವತ್ತು ಯಾಕಮ್ಮ ಸುಮ್ಮನಿದ್ದೆ?"

"ನಾ ಹೇಳಿದ್ರೆ ಯಾರು ನಂಬ್ತಾರೆ? ನೀವು ಹೇಳ್ತೀರಿ ಅಂತ ಕಾದೆ."

ಹಗ್ಗ ಎಳೆದುಕೊಂಡು ಹೊರಟಳು. ಗೌರಿ ಎರಡು ಸಲ ಹಿಂತಿರುಗಿ ನೋಡಿದಳು. ಸಾಕಮ್ಮ ನೋಡಲಿಲ್ಲ.

ಗೌರಿ ಅವಳ ತವರಿನಲ್ಲಿ ಇನ್ನೂ ಆರು ವರ್ಷ ಬದುಕಿದಳೆಂದು ಆ ಕಡೆಯ ಬಸ್ಸಿನವರಿಂದ ಕೇಳಿದೆ. ಹಲ್ಲು ಹೋದ ಮೇಲೆ ಸಾಕಮ್ಮ ಹುರುಳಿ ಅರೆದು ತಿನ್ನಿಸುತ್ತಿದ್ದಳಂತೆ. ನನ್ನ ಕುದುರೆಗೆ ನಾನು ಹುಡುಕಿದ್ದು ಸಿಕ್ಕಿತು. ಸಾಕಮ್ಮನ ಮನೆ ಹೋಯಿತು. ಅವಳನ್ನು ಇವತ್ತಿಗೂ ಗಂಡನ ಊರಿನವರು ಮದುವೆ ಮುಂಜಿಗೆ ಕರೆಯುವುದಿಲ್ಲ, ಸುಳಿಯ ಕೈಯವಳು ಎನ್ನುತ್ತಾರೆ. ನನಗೆ ಮಾತ್ರ ಅದೇ ಅಂಗಳದಲ್ಲಿ ಚಾಪೆ ಹಾಕಿ ಹಾಲು ಕೊಟ್ಟರು, ಎಷ್ಟೋ ವರ್ಷ. ಕುಡಿದೆ. ಥೂ.

ಹನುಮಂತಪ್ಪನವರು ಈಗಿಲ್ಲ. ಅತ್ತೆ ಇದ್ದಾಳೆ, ಕಿವಿ ಮಂದವಂತೆ, ಗಟ್ಟಿಯಾಗಿ ಹೇಳಬೇಕಾಗುತ್ತದೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಅಟ್ಟದಿಂದ ಆ ಹಳೆಯ ಕೆನ್ನೆಪಟ್ಟಿಯನ್ನು, ಹುಳು ತಿಂದು ಉಳಿದ ಕುಚ್ಚಿನ ಸಮೇತ, ಇಳಿಸಿ ಇಟ್ಟುಕೊಂಡಿದ್ದೇನೆ. ಜನ ಸೇರಿದ ಮೇಲೆ ಅದನ್ನು ಎತ್ತಿ ಹಿಡಿದು, ಇದರ ಕೆಳಗೆ ಸುಳಿ ಇತ್ತು, ನಾನು ಬೋಳಿಸಿದೆ ಎನ್ನುತ್ತೇನೆ. ಅಲ್ಲಿಂದ ಪಾವಗಡದ ಬಸ್ಸು. ಸಾಕಮ್ಮ ಬಾಗಿಲು ತೆರೆಯುತ್ತಾಳೋ ಇಲ್ಲವೋ ತಿಳಿಯದು. ತೆರೆಯದಿದ್ದರೆ ಹೊರಗೇ ಕೂತು ಕಾಯುತ್ತೇನೆ.