ಟೈಪ್ ಮೇಷ್ಟ್ರ ಎಡಗಾಲು

ಮೊನ್ನೆ ಚಾಮರಾಜಪೇಟೆಯಲ್ಲಿ ನನ್ನ ಸ್ಕೂಟರ್ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬಿಗೆ ತೇಪೆ ಹಾಕಿದ. ಅದನ್ನು ಟೈರಿನೊಳಗೆ ಕೂರಿಸುವ ಮೊದಲು ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತೆಗೆದು ಒಳಗೆಲ್ಲ ಉದುರಿಸಿದ. ಅಗ್ಗದ ಮಲ್ಲಿಗೆ ಘಮ, ಅದರ ಜೊತೆಗೆ ಬಿಸಿ ರಬ್ಬರಿನ ವಾಸನೆ... ಗೊತ್ತಿದ್ದೂ ಕೇಳಿದೆ, "ಪೌಡರ್ ಯಾಕಪ್ಪಾ?" "ಟ್ಯೂಬ್ ಉಜ್ಜಲ್ಲ ಸಾರ್, ಬಾಳಿಕೆ ಬರುತ್ತೆ" ಎಂದ.

ಈ ಮಾತನ್ನು ನಾನು ಮೊದಲು ಕೇಳಿದ್ದು ತೊಂಬತ್ತರ ದಶಕದಲ್ಲಿ, ಗವಿಪುರದ ನಮ್ಮ ಮನೆಯ ಹಿತ್ತಿಲಿನಲ್ಲಿ. ಹೇಳಿದವರು ನಮ್ಮ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಟೈಪ್ ಮೇಷ್ಟ್ರು. ಇಷ್ಟು ವರ್ಷಗಳಲ್ಲಿ ನನಗೆ ಬಡ್ತಿ ಸಿಕ್ಕವರ ಮೇಲೆ, ಸೈಟು ಕೊಂಡವರ ಮೇಲೆ, ಎಲ್ಲರ ಮೇಲೂ ಚೂರುಪಾರು ಹೊಟ್ಟೆಕಿಚ್ಚು ಬಂದಿದೆ, ಹೋಗಿದೆ. ಆದರೆ ಆ ಮನುಷ್ಯನ ಮೇಲೆ ಪಟ್ಟಷ್ಟನ್ನು ಇನ್ಯಾರ ಮೇಲೂ ಪಟ್ಟಿಲ್ಲ.

ಅವರು ಚಾಮರಾಜಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಅರ್ಧ ತೋಳಿನ ಷರಟು, ಹಣೆಯ ಮೇಲೆ ಒಂದೆಳೆ ವಿಭೂತಿ. ನೋಡಿದವರು ಈತ ಸೈಕಲ್ಲನ್ನೂ ತಳ್ಳಿಕೊಂಡು ಹೋಗುವವನು ಅನ್ನಬೇಕು. ಅಂಥವರು ಬೆಳಿಗ್ಗೆ ಆರಕ್ಕೆ ಲುಂಗಿ ಬಿಚ್ಚಿಟ್ಟು ಹಳೇ ಪ್ಯಾಂಟು ಹಾಕಿ, ಸೀಟೇ ಇಲ್ಲದ ಒಂದು ಟೂ-ಸ್ಟ್ರೋಕ್ ಬೈಕಿನ ಮೇಲೆ ನಿಂತು, ನಮ್ಮ ಹಿತ್ತಿಲಿನ ತೆಂಗಿನಮರ, ಬಟ್ಟೆ ಒಗೆಯುವ ಕಲ್ಲು, ನೀರಿನ ಸಂಪು ಇವುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತುತ್ತಿದ್ದರು. ನಡೆಯುವುದಕ್ಕಿಂತಲೂ ನಿಧಾನ. ಕಾಲು ಒಮ್ಮೆಯೂ ನೆಲಕ್ಕೆ ಬರುತ್ತಿರಲಿಲ್ಲ.

ಟ್ರಯಲ್ಸ್ ಎಂಬ ಆಟ ಅದು. ರೇಸ್ ಅಲ್ಲ, ವೇಗಕ್ಕೆ ಅಲ್ಲಿ ಕಿಲುಬು ಕಾಸಿನ ಬೆಲೆಯಿಲ್ಲ. ಬಂಡೆ, ಗುಂಡಿ, ಬೇರು ತುಂಬಿದ ಒಂದಿಷ್ಟು ಜಾಗಕ್ಕೆ ಹಗ್ಗ ಕಟ್ಟಿ ಸೆಕ್ಷನ್ ಅನ್ನುತ್ತಾರೆ. ಕಾಲು ಊರದೆ ಅದನ್ನು ದಾಟಬೇಕು. ಒಂದು ಸಲ ಊರಿದರೆ ಒಂದು ತಪ್ಪು. ಕಡಿಮೆ ತಪ್ಪಿನವನು ಗೆದ್ದ, ಅಷ್ಟೆ. ಕಾಲು ಊರಿದರೋ ಇಲ್ಲವೋ ಎಂದು ನೋಡಿ ಬೆರಳೆತ್ತಿ ತೋರಿಸಲು ಪ್ರತಿ ಸೆಕ್ಷನ್ನಿಗೂ ಒಬ್ಬ ನಿಂತಿರುತ್ತಾನೆ.

ನನಗೂ ಒಂದು ಗಾಡಿಯಿತ್ತು. ಹೊಸ ಕೆಲಸ, ಹೊಸ ಸಂಬಳ, ಇಪ್ಪತ್ಮೂರರ ಕೊಬ್ಬು. ಮೇಷ್ಟ್ರನ್ನು ನೋಡಿ ಇದೇನು ಮಹಾ ಎಂದು ನಾನೂ ಶುರುಮಾಡಿದೆ. ಮೊದಲ ದಿನವೇ ಅಮ್ಮನ ತುಳಸಿಕಟ್ಟೆಗೆ ಗುದ್ದಿದೆ. ಮೇಷ್ಟ್ರು ನಗಲಿಲ್ಲ. ಹತ್ತಿರ ಬಂದು ಹೇಳಿದರು, "ಮುಂದಿನ ಚಕ್ರ ಯಾಕೋ ನೋಡ್ತೀಯಾ? ಕೀ ನೋಡ್ಕೊಂಡು ಟೈಪ್ ಮಾಡೋರ ಕೈ ತಪ್ಪುತ್ತೆ. ಎದುರಿಗಿಟ್ಟಿರೋ ಕಾಪಿ ನೋಡ್ಬೇಕು. ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡು, ಕಾಲು-ಗೀಲು ಅದರ ಪಾಡಿಗೆ ಇರುತ್ತೆ."

ಕಲಿಸುವುದರಲ್ಲಿ ಅವರಿಗೆ ಜಿಪುಣತನವೇ ಇರಲಿಲ್ಲ. ಅದೂ ನನಗೆ ಉರಿಯುತ್ತಿತ್ತು. ಟೈರಿಗೆ ರಸ್ತೆಯ ಗಾಡಿಯಷ್ಟು ಗಾಳಿ ಇರಬಾರದು, ಹೆಬ್ಬೆರಳಿನಲ್ಲಿ ಒತ್ತಿದರೆ ಹಣ್ಣಾದ ಪರಂಗಿಯಂತೆ ತಗ್ಗಬೇಕು, ಆಗಲೇ ಅದು ಕಲ್ಲನ್ನು ಹಿಡಿಯುವುದು. ಗಾಳಿ ಕಡಿಮೆಯಾದಾಗ ಟ್ಯೂಬು ಒಳಗೆ ಉಜ್ಜಿ ಹರಿಯುತ್ತದೆ, ಅದಕ್ಕೇ ಪೌಡರು. ಅದಕ್ಕಾಗಿ ಹೆಂಡತಿಯ ಡಬ್ಬಿಯನ್ನು ಅವರು ಕದಿಯುತ್ತಿದ್ದರು, ಆಕೆ ಅಡುಗೆಮನೆಯಿಂದಲೇ "ನನ್ನ ಮುಖಕ್ಕಿಲ್ಲ, ಆ ದರಿದ್ರ ಚಕ್ರಕ್ಕಿದೆ" ಎಂದು ಕೂಗುತ್ತಿದ್ದರು. ಹಿಂದಿನ ಚಕ್ರದಲ್ಲಿ ಚೈನು ಕೂರುವ ಸ್ಪ್ರಾಕೆಟ್ಟು ದೊಡ್ಡದಿರಬೇಕು, ಗಾಡಿ ಫಸ್ಟ್ ಗೇರಿನಲ್ಲಿ ತೆವಳಬೇಕು. ಕ್ಲಚ್ಚಿಗೆ ಒಂದೇ ಬೆರಳು ಸಾಕು, ಉಳಿದ ಮೂರು ಹ್ಯಾಂಡಲ್ ಬಿಡಬಾರದು. ಲಿವರಿನ ನಟ್ಟನ್ನು ಪೂರ್ತಿ ಬಿಗಿಯಬಾರದು, ಬಿದ್ದಾಗ ಲಿವರು ತಿರುಗಿಕೊಳ್ಳಬೇಕು, ಮುರಿಯಬಾರದು. ಕಾಲಿಡುವ ಫುಟ್‌ರೆಸ್ಟು ಒಂದಿಷ್ಟು ಹಿಂದಕ್ಕೆ ಹೋದರೆ ಒಳ್ಳೆಯದು, ಕೆಳಕ್ಕೆ ಮಾತ್ರ ಇಳಿಸಬಾರದು, ಕಲ್ಲಿಗೆ ಬಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಗಾಡಿ ಹತ್ತುವ ಮೊದಲು ಆ ಜಾಗವನ್ನು ಎರಡು ಸಲ ನಡೆದು ನೋಡಬೇಕು. ನನಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಬಿದ್ದಾಗಲೆಲ್ಲ ಕಾರ್ಬುರೇಟರು ಸರಿಯಿಲ್ಲ, ಟೈರು ಸರಿಯಿಲ್ಲ ಅನ್ನುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಷ್ಟೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಅಪ್ಪ ಇದ್ದರಲ್ಲ. ನನ್ನಪ್ಪ ಸೆಕ್ರೆಟೇರಿಯಟ್ಟಿನಲ್ಲಿ ಗುಮಾಸ್ತರಾಗಿ ರಿಟೈರಾದವರು, ಕಡ್ಡಿ ಮುರಿದಂತೆ ಮಾತು. ನಾನು ಡಿಗ್ರಿ ಪಾಸಾದಾಗ "ಹ್ಞೂಂ" ಎಂದವರು, ಕೆಲಸ ಸಿಕ್ಕಾಗಲೂ ಅದೇ "ಹ್ಞೂಂ". ಅಂಥ ಅಪ್ಪ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ನಿಂತು ಮೇಷ್ಟ್ರನ್ನು ನೋಡುತ್ತಿದ್ದರು. ಕಾಫಿ ಆರಿಹೋಗುತ್ತಿತ್ತು. "ಭೇಷ್ ಮೇಷ್ಟ್ರೇ!" ಅನ್ನುತ್ತಿದ್ದರು. ಆ ಭೇಷ್ ನಾನು ಹುಟ್ಟಿದಾಗಿನಿಂದ ಕಾಯುತ್ತಿದ್ದ ಭೇಷ್, ಸ್ವಾಮಿ. ಅದು ಬಾಡಿಗೆಯವರ ಪಾಲಾಗುತ್ತಿತ್ತು. ಮೇಷ್ಟ್ರು ಮುಗಿಸಿ ಹೋದಮೇಲೆ ನಾನು ಗಾಡಿ ತೆಗೆದರೆ ಅಪ್ಪ ಒಳಗೆ ಹೋಗಿಬಿಡುತ್ತಿದ್ದರು. ಒಂದು ದಿನ ಹೋಗುತ್ತಾ ಹೇಳಿದರು, "ನೀನು ಗಾಡೀನ ಕಿರುಚಿಸ್ತೀಯ ಕಣೋ. ಅವರು ಓಡಿಸ್ತಾರೆ."

ಆ ವರ್ಷ ನಾವಿಬ್ಬರೂ ಸೇರಿದ್ದ ಪುಟ್ಟ ಬೈಕ್ ಕ್ಲಬ್ಬಿನವರು ಕನಕಪುರ ರಸ್ತೆಯಾಚೆ ಒಂದು ಹಳೇ ಕಲ್ಲುಕ್ವಾರಿಯಲ್ಲಿ ಟ್ರಯಲ್ಸ್ ಇಟ್ಟರು. ಗೆದ್ದವರನ್ನು ಕ್ಲಬ್ಬಿನ ಖರ್ಚಿನಲ್ಲಿ ಪುಣೆಯ ದೊಡ್ಡ ಟ್ರಯಲ್ಸಿಗೆ ಕಳಿಸುವುದು, ಇಬ್ಬರು ಸಮ ಬಂದರೆ ಇಬ್ಬರನ್ನೂ ಕಳಿಸುವುದು ಎಂದು ಮಾತಾಗಿತ್ತು. ಪುಣೆ ಅಂದರೆ ಮೇಷ್ಟ್ರ ಮುಖ ಅರಳುತ್ತಿತ್ತು. ಇನ್‌ಸ್ಟಿಟ್ಯೂಟಿಗೆ ಹುಡುಗರು ಬರುವುದು ಕಡಿಮೆಯಾಗುತ್ತಿತ್ತು, ಎಲ್ಲರೂ ಕಂಪ್ಯೂಟರ್ ಕ್ಲಾಸಿನ ಕಡೆ ನಡೆದಿದ್ದರು. "ವಯಸ್ಸಾಗೋಯ್ತು ಕಣೋ, ಇದೊಂದು ಸಲ ಹೋಗ್ಬಂದ್ಬಿಟ್ರೆ ಸಾಕು" ಎಂದು ನನ್ನ ಹತ್ತಿರವೇ ಹೇಳಿದ್ದರು.

ಅಪ್ಪನೂ ಬಂದರು. ನನಗಾಗಿ ಬಂದರೆಂದುಕೊಂಡು ನಾನು ಉಬ್ಬಿದೆ. ಮೂರನೇ ಸೆಕ್ಷನ್ನಿನಲ್ಲಿ ಬಂಡೆಯ ಮೇಲಿಂದ ಮಗುಚಿಬಿದ್ದೆ. ಕ್ಲಚ್ ಲಿವರ್ ಬುಡದಲ್ಲೇ ಮುರಿಯಿತು. ನಟ್ಟನ್ನು ಗಟ್ಟಿಯಾಗಿ ಬಿಗಿದಿದ್ದೆನಲ್ಲ, ಮಹಾರಾಯ ನಾನು. ಮೊಣಕೈ ತರಚಿ ರಕ್ತ ಬರುತ್ತಿತ್ತು. ಅಪ್ಪ ಕಲ್ಲು ದಾಟಿಕೊಂಡು ನನ್ನ ಕಡೆಗೇ ಬಂದರು. ಪೆಟ್ಟಾಯಿತೇ ಎಂದು ಕೇಳುತ್ತಾರೆ ಎಂದು ಕಾದೆ. "ಮೇಷ್ಟ್ರ ಸರದಿ ಯಾವಾಗಪ್ಪಾ?" ಎಂದರು.

ಕೊನೆಯ ಸೆಕ್ಷನ್ನಿಗೆ ನಿಲ್ಲಬೇಕಿದ್ದವರು ಬಂದಿರಲಿಲ್ಲ. ಹೇಗೂ ನನ್ನ ಆಟ ಮುಗಿದಿತ್ತು. ಬೆರಳೆತ್ತುವ ಕೆಲಸಕ್ಕೆ ನನ್ನನ್ನೇ ನಿಲ್ಲಿಸಿದರು. ಮೇಷ್ಟ್ರಿಗಿಂತ ಮೊದಲು ಮಲ್ಲೇಶ್ವರದ ಒಬ್ಬ ನನ್ನೆದುರೇ ಅದನ್ನು ತಪ್ಪಿಲ್ಲದೆ ದಾಟಿ ಮುಗಿಸಿದ. ಅವನವು ಒಟ್ಟು ನಾಲ್ಕು ತಪ್ಪು. ಮೇಷ್ಟ್ರೂ ನಾಲ್ಕರಲ್ಲೇ ಬಂದು ನಿಂತರು. ತಪ್ಪಿಲ್ಲದೆ ದಾಟಿದರೆ ಸಮ, ಇಬ್ಬರಿಗೂ ಪುಣೆ.

ದಾಟಿದರು. ಹೇಗೆ ದಾಟಿದರು ಅಂತೀರಿ... ಎದೆಯೆತ್ತರದ ಬಂಡೆಯನ್ನು ಇಂಜಿನ್ ಗೊಣಗಿಸಿಕೊಂಡೇ ಹತ್ತಿದರು. ಇಳಿಯುವಾಗ ಮಾತ್ರ ಎಡಗಾಲು ಫುಟ್‌ರೆಸ್ಟಿನಿಂದ ಜಾರಿತು. ಹೊರಗೆ ಚಾಚಿಕೊಂಡಿತು, ನೆಲದಿಂದ ನಾಲ್ಕು ಬೆರಳು ಮೇಲೆ ನಿಂತಿತು, ವಾಪಸ್ ಹೋಯಿತು. ನಾನಿದ್ದದ್ದು ಮೂರು ಅಡಿ ದೂರದಲ್ಲಿ. ಆ ಪಕ್ಕಕ್ಕೆ ನಾನಲ್ಲದೆ ಯಾರೂ ಇರಲಿಲ್ಲ. ಬಂಡೆಯ ಆಚೆಯಿಂದ ಅಪ್ಪನ ದನಿ ಕೇಳಿಸಿತು, "ಭೇಷ್!"

ನಾನು ಒಂದು ಬೆರಳೆತ್ತಿದೆ.

ಇಬ್ಬರು ಮೂವರು ಗೊಣಗಿದರು. ಸರಿಯಾಗಿ ನೋಡಿದ್ಯಾ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರೇ ಹೇಳಿದರು, "ಬಿಡ್ರಪ್ಪಾ, ಅವ್ನು ಹತ್ರದಲ್ಲಿದ್ದ. ನಾನು ಮುಂದೆ ನೋಡ್ತಿದ್ದೆ, ಕಾಲಿನ ಕಡೆ ನನಗೆ ಗಮನ ಇರ್ಲಿಲ್ಲ. ಅವ್ನು ಇಟ್ಟೆ ಅಂದ್ರೆ ಇಟ್ಟಿದೀನಿ." ಅವರು ಜಗಳವಾಡಿದ್ದರೆ ನಾನೂ ಜಗಳವಾಡಿ ಹಗುರಾಗುತ್ತಿದ್ದೆನೇನೋ. ಮಲ್ಲೇಶ್ವರದವನು ಪುಣೆಗೆ ಹೋದ. ಮನೆಗೆ ಬರುವ ದಾರಿಯುದ್ದಕ್ಕೂ ಅಪ್ಪ "ಒಂದೇ ಒಂದು ಕಾಲು, ಛೇ" ಎಂದು ಕೈ ಕೈ ಹಿಸುಕಿಕೊಂಡರು. ಕೇಳಿ, ಆಗಲೂ ನನಗೆ ಹೊಟ್ಟೆ ಉರಿಯಿತು. ಗೆದ್ದರೂ ಅವರಿಗೇ ಭೇಷ್, ಸೋತರೂ ಅವರಿಗೇ ಮರುಕ.

ಆಮೇಲೆ ಆಗಿದ್ದು ನಾನು ಊಹಿಸದ್ದು. ಮೇಷ್ಟ್ರು ತಮ್ಮ ಎಡಗಾಲನ್ನು ನಂಬುವುದನ್ನು ಬಿಟ್ಟರು. ಬೆಳಿಗ್ಗೆ ಹಲ್ಲುಜ್ಜುವಾಗ ಎಡಗಾಲೊಂದರ ಮೇಲೇ ನಿಲ್ಲುತ್ತಿದ್ದರು. ಸುತ್ತುವಾಗ ಮುಂದೆ ನೋಡುವುದನ್ನು ಬಿಟ್ಟು ಕೆಳಗೆ ಇಣುಕತೊಡಗಿದರು. "ಒಂಚೂರು ನಿಂತ್ಕೊಂಡು ನನ್ನ ಕಾಲು ನೋಡೋ. ನೆಲ ಮುಟ್ಟಿದ್ದು ನನಗೇ ಗೊತ್ತಾಗ್ಲಿಲ್ಲ ಅಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ" ಎಂದು ನನ್ನನ್ನೇ ಕರೆಯುತ್ತಿದ್ದರು. ನಾನು ನಿಂತು ನೋಡುತ್ತಿದ್ದೆ. ಕಾಲು ಚೆನ್ನಾಗಿಯೇ ಇತ್ತು. "ಪರವಾಗಿಲ್ಲ ಮೇಷ್ಟ್ರೇ" ಅನ್ನುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಫುಟ್‌ರೆಸ್ಟನ್ನು ಕತ್ತರಿಸಿ ಒಂದೂವರೆ ಇಂಚು ಕೆಳಗೆ ವೆಲ್ಡ್ ಮಾಡಿಸಿಕೊಂಡು ಬಂದರು. ಕಾಲಿಗೆ ಹಿಡಿತ ಸಿಗುತ್ತದಂತೆ. ಕೆಳಕ್ಕೆ ಇಳಿಸಬಾರದು ಎಂದು ನನಗೆ ಕಲಿಸಿದವರೇ ಅವರು! ನಾನೇ ಗಾಡಿ ಹಿಡಿದುಕೊಂಡಿದ್ದೆ, ಅವರು ಕೂತು ನಟ್ಟು ಬಿಗಿದರು. ನಿಮ್ಮ ಕಾಲು ಸರಿಯಾಗೇ ಇತ್ತು ಎಂದು ಅವತ್ತು ಹೇಳಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಪ್ಪ ಕಾಫಿ ಹಿಡಿದು ಮೆಟ್ಟಿಲ ಮೇಲೆ ಬಂದು ನಿಂತರು... ನುಂಗಿಕೊಂಡೆ.

ಮುಂದಿನ ವರ್ಷದ ಟ್ರಯಲ್ಸಿನಲ್ಲಿ ಎರಡನೇ ಸೆಕ್ಷನ್ನಿಗೇ ಆ ಫುಟ್‌ರೆಸ್ಟು ಬಂಡೆಗೆ ಬಡಿಯಿತು. ಗಾಡಿ ವಾಲಿತು. ಮೇಷ್ಟ್ರು ಎಡಗಾಲು ಊರಿದರು, ಮತ್ತೆ ಊರಿದರು, ಆಮೇಲೆ ಬಿದ್ದರು. ಎದ್ದು ಮಣ್ಣು ಕೊಡವಿಕೊಂಡು ನನ್ನ ಕಡೆ ನೋಡಿ, "ನೀನು ಅವತ್ತೇ ಸರಿಯಾಗಿ ಹಿಡಿದಿದ್ದೆ ಕಣೋ" ಎಂದು ನಕ್ಕರು. ಮುಂದಿನ ತಿಂಗಳು ಗಾಡಿ ಮಾರಿದರು. ಎರಡು ವರ್ಷದಲ್ಲಿ ಇನ್‌ಸ್ಟಿಟ್ಯೂಟೂ ಮುಚ್ಚಿತು. ಕಡಿಮೆ ಬಾಡಿಗೆಯ ಮನೆ ಹುಡುಕಿಕೊಂಡು ಶ್ರೀರಾಂಪುರಕ್ಕೆ ಹೋದರು.

ಹಿತ್ತಿಲು ಪೂರ್ತಿ ನನ್ನದಾಯಿತು. ನಾನು ಬೆಳಿಗ್ಗೆ ಆರಕ್ಕೇ ಎದ್ದು ಸುತ್ತಿದೆ, ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿದೆ. ಅಪ್ಪ ಹೊರಗೆ ಬರಲೇ ಇಲ್ಲ. ಒಳಗೇ ಕೂತು ಪೇಪರ್ ಓದುತ್ತಾ ಬಿಸಿಬಿಸಿ ಕಾಫಿ ಕುಡಿದರು. ಆರು ತಿಂಗಳಲ್ಲಿ ನಾನೂ ಗಾಡಿ ಮಾರಿಬಿಟ್ಟೆ.

ಆಮೇಲೊಮ್ಮೆ, ಎರಡು ಸಾವಿರದ ಆಚೆ, ಗಾಂಧಿಬಜಾರಿನಲ್ಲಿ ಮೇಷ್ಟ್ರು ಸಿಕ್ಕಿದರು. ಜೊತೆಗೆ ಯಾರೋ ಸ್ನೇಹಿತರಿದ್ದರು. ನನ್ನ ಹೆಗಲ ಮೇಲೆ ಕೈಹಾಕಿ ಅವರಿಗೆ ಪರಿಚಯಿಸಿದರು, "ನನ್ನ ತಪ್ಪನ್ನ ಕಂಡುಹಿಡಿದೋನು ಇವನೊಬ್ಬನೇ ಕಣ್ರೀ. ಏನ್ ಚುರುಕು ಕಣ್ಣು ಇವನ್ದು!" ಆ ಸ್ನೇಹಿತರು ನನ್ನನ್ನು ಮೆಚ್ಚಿಕೊಂಡು ನೋಡಿದರು. ನಾನು ಹಲ್ಲು ಕಿರಿದೆ. ಕೆಲಸವಿದೆ ಎಂದು ಓಡಿಬಂದೆ.

ಮೊನ್ನೆ ಪಂಕ್ಚರ್ ಅಂಗಡಿಯಿಂದ ಮನೆಗೆ ಹೋಗಲಿಲ್ಲ. ನೇರ ಶ್ರೀರಾಂಪುರಕ್ಕೆ ಹೋದೆ. ಅವರಿವರನ್ನು ಕೇಳಿ ಮನೆ ಹುಡುಕಿದೆ. ಮೇಷ್ಟ್ರ ಹೆಂಡತಿ ಬಾಗಿಲು ತೆರೆದರು. ಕೂದಲು ಪೂರ್ತಿ ಬೆಳ್ಳಗಾಗಿದೆ. "ಓ, ಗವಿಪುರದ ಓನರ್ ಮಗ ಅಲ್ವೇನಪ್ಪಾ? ಬಾ ಬಾ" ಎಂದರು. ಒಳಗೆ ಗೋಡೆಯ ಮೇಲೆ ಮೇಷ್ಟ್ರ ಫೋಟೋ ಇತ್ತು. ಅದಕ್ಕೆ ಗಂಧದ ಹಾರ ಹಾಕಿದ್ದರು. ಹೋಗಿ ಎಂಟು ತಿಂಗಳಾಯಿತಂತೆ.

ಕೂರಲಿಲ್ಲ. ಕೂತರೆ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನಿಂತೇ ಎಲ್ಲ ಹೇಳಿದೆ. ಕಾಲು ಮುಟ್ಟಿರಲಿಲ್ಲ ಅಕ್ಕಾ, ನಾನು ಹೊಟ್ಟೆಕಿಚ್ಚಿಗೆ ಬೆರಳೆತ್ತಿದೆ ಎಂದೆ. ಆಕೆ ಬೈಯಲಿಲ್ಲ. ಸೆರಗಿನ ಅಂಚನ್ನು ಸುತ್ತುತ್ತಾ ಹೇಳಿದರು, "ಆ ಎಡಗಾಲು, ಎಡಗಾಲು ಅಂತ ಕೊನೇ ತನಕ ಅಂದ್ಕೊಂಡ್ರಲ್ಲಪ್ಪಾ. ಮೆಟ್ಲು ಇಳಿಯೋವಾಗ್ಲೂ ಹುಷಾರು, ನನ್ನ ಎಡಗಾಲು ನಂಬೋ ಹಾಗಿಲ್ಲ ಅನ್ನೋರು. ಹೋದ ವರ್ಷ ಬಂದು ಹೇಳಿದ್ರೂ ಆಗ್ತಿತ್ತು. ನಕ್ಕುಬಿಡೋರು. ಈಗ ನಾನು ಹೋಗಿ ಯಾರಿಗೆ ಹೇಳ್ಲಿ?"

ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಅವರ ಕಾಲು ನೆಲ ಮುಟ್ಟಿರಲಿಲ್ಲ.