ಹೆಜ್ಜೇನಿನ ವಿಷಯ ನನಗೆ ಗೊತ್ತಿತ್ತು

ಅಮ್ಮಾ, ಅವತ್ತು ನಾನು ನಿಮಗೆ ಸುಳ್ಳು ಹೇಳಿದೆ. ಆ ಗುಡಿಯ ಹೆಜ್ಜೇನು ಎದ್ದಿದೆ ಎಂಬುದು ನನಗೆ ಮೊದಲೇ ಗೊತ್ತಿತ್ತು.

ಹುಬ್ಬಳ್ಳಿ ಸ್ಟೇಷನ್ನಿನಿಂದ ನಿಮ್ಮಿಬ್ಬರನ್ನು ನನ್ನ ಬಾಡಿಗೆ ಕಾರಿನಲ್ಲಿ ಕರೆತಂದೆ. ಹಳೆಯ ಗುಡಿಗಳನ್ನು ನೋಡಲು ಮೈಸೂರಿನಿಂದ ಬಂದಿದ್ದಿರಿ. ನಿಮ್ಮ ಯಜಮಾನರು, ಆ ರಿಟೈರಾದ ಮೇಷ್ಟ್ರು, ಶಾಸನ ಕಂಡಲ್ಲೆಲ್ಲ ಕನ್ನಡಕ ಏರಿಸಿ ನಿಂತುಬಿಡುತ್ತಿದ್ದರು. ನೀವು ಮಾತ್ರ ದಾರಿಯುದ್ದಕ್ಕೂ ಹೆದರುತ್ತಲೇ ಇದ್ದಿರಿ. ನೀರು ಹೇಗಿರುತ್ತದೋ ಎಂದು ಶಿಗ್ಗಾವಿಯಲ್ಲಿ ಚಹಾ ಬೇಡವೆಂದಿರಿ. ಸವಣೂರಿನಲ್ಲಿ ದೊಡ್ಡ ಹುಣಸೆಮರಗಳನ್ನು ತೋರಿಸಿ, ನಮ್ಮ ಮನೆಗೂ ಬಂದು ಹೋಗಿ ಎಂದು ಕರೆದೆ. ನೀವು ನಮ್ಮ ಓಣಿಯತ್ತ ನೋಡಿ ಕೈಚೀಲವನ್ನು ಎದೆಗೆ ಒತ್ತಿಕೊಂಡಿರಿ. ಇಲ್ಲಿ ಭಯವಿಲ್ಲ, ಭಯವಿಲ್ಲ — ಹೇಳಿ ಹೇಳಿ ನನಗೇ ಅವಮಾನವಾಗತೊಡಗಿತ್ತು.

ಹಾನಗಲ್ಲ ದಾಟಿದ ಮೇಲೆ ಟೈರಿಗೆ ಗಾಳಿ ತುಂಬಿಸಲು ಕಾರು ನಿಲ್ಲಿಸಿದೆನಲ್ಲ, ಅಲ್ಲಿ ಪಂಕ್ಚರ್ ಅಂಗಡಿಯವ ನನ್ನನ್ನು ಪಕ್ಕಕ್ಕೆ ಕರೆದ.

"ರಫೀಕಣ್ಣ, ಮುಂದಿನ ಗುಡಿಗೆ ಹೋಗಬ್ಯಾಡ್ರಿ. ಮುಂಜಾನೆ ಯಾರೋ ಹೊಗಿ ಹಾಕ್ಯಾರ, ಹೆಜ್ಜೇನು ಎದ್ದಾವ."

ಏನಂತೆ ಎಂದು ನೀವು ಕೇಳಿದಿರಿ. ನಿಮ್ಮ ಕಣ್ಣಲ್ಲಿ ಮತ್ತೆ ಅದೇ ಅಂಜಿಕೆ. ಇದೊಂದನ್ನು ಹೌದೆಂದರೆ ಬೆಳಗಿನಿಂದ ನೀವು ಹೆದರಿದ್ದೆಲ್ಲ ನಿಜವಾಗಿಬಿಡುತ್ತದೆ — ಚಹಾ, ಓಣಿ, ನಾವು — ಹಾಗೆ ಅನ್ನಿಸಿತು ನನಗೆ.

"ಏನಿಲ್ರಿ ಅಮ್ಮಾರ, ಸುಮ್ಮನ ಮಾತಾಡ್ಸಿದ," ಎಂದೆ.

ಆ ಗುಡಿಯಲ್ಲಿ ನೀವು ಮೊದಲ ಸಲ ನಿರಾಳವಾಗಿ ಕಾರಿಳಿದಿರಿ. ಎಷ್ಟು ತಂಪಾಗಿದೆ ಎಂದು ನಕ್ಕಿರಿ. ಮೇಷ್ಟ್ರು ಆಗಲೇ ಶಾಸನದ ಕಲ್ಲಿನೆದುರು ಬಗ್ಗಿದ್ದರು. ಮೇಲೆ ಶಿಖರದ ಸಂದಿಯಲ್ಲಿ ಕಪ್ಪಗೆ ಏನೋ ಕದಲುತ್ತಿದ್ದುದು ನನಗೆ ಕಂಡಿತು. ಬಾಯಿ ತೆರೆದೆ. ಆದರೆ ಈಗ ಕೂಗಿದರೆ, ಆಗ ಯಾಕೆ ಹೇಳಲಿಲ್ಲ ಎಂದು ನೀವು — ಒಂದು ಗಳಿಗೆ ತಡೆದೆ. ಅಷ್ಟರಲ್ಲಿ ಅವು ಇಳಿದುಬಂದವು.

ಮೇಷ್ಟ್ರು ನಿಮ್ಮನ್ನು ಗೋಡೆಗೆ ಒತ್ತಿ, ತಮ್ಮ ಬೆನ್ನು ಅಡ್ಡ ಕೊಟ್ಟು ನಿಂತರು. ನಾನು ಕಾರಿನ ಚಾದರ ತಂದು ಹೊದಿಸಿ ಎಳೆದುಕೊಂಡು ಬರುವಷ್ಟರಲ್ಲಿ ಅವರ ಮುಖ ಗುರುತು ಸಿಗದಂತೆ ಬಾತಿತ್ತು. ಆಸ್ಪತ್ರೆ ಮುಟ್ಟಿದಾಗ ಉಸಿರಿರಲಿಲ್ಲ.

ಅಲ್ಲಿ ಬೆಂಚಿನ ಮೇಲೆ ಕೂತು ನೀವು ಹೆಜ್ಜೇನಿನ ಮುಳ್ಳು ಚುಚ್ಚಿದ ನನ್ನ ಕೈ ಹಿಡಿದುಕೊಂಡಿರಿ. "ದಿನವೆಲ್ಲಾ ಏನೇನಕ್ಕೋ ಹೆದರಿದೆ. ಇದೊಂದನ್ನ ನೋಡ್ಲಿಲ್ಲ. ನಿಮಗೂ ಗೊತ್ತಿರ್ಲಿಲ್ಲ, ಅಲ್ವಾ?"

"ಗೊತ್ತಿರಲಿಲ್ರಿ," ಎಂದೆ.

ಈಗಲೂ ನೀವು ಫೋನ್ ಮಾಡಿ ನನ್ನ ಮಕ್ಕಳ ಕುಶಲ ಕೇಳುತ್ತೀರಿ. 'ನಾನಾದರೂ ತಲೆಯೆತ್ತಿ ಮೇಲೆ ನೋಡಬೇಕಿತ್ತು' ಎಂದು ಪ್ರತಿ ಸಲ ನಿಮ್ಮನ್ನೇ ನೀವು ಬೈದುಕೊಳ್ಳುತ್ತೀರಿ. ಈಚೆ ಕಡೆ ನಾನು ಹೂಂ ಎನ್ನುತ್ತೇನೆ. ನಿಮ್ಮೆದುರು ನಿಂತು ಹೇಳಬೇಕೆಂದು ಎರಡು ಸಲ ಮೈಸೂರಿಗೆ ಹೊರಟೆ. ಎರಡು ಸಲವೂ ರೈಲು ಹತ್ತಲಾಗದೆ ಮರಳಿದೆ.

ತಪ್ಪು ನಿಮ್ಮ ಕಣ್ಣಿನದಲ್ಲ, ಅಮ್ಮಾ. ಹೇಳಬೇಕಾದವನು ನಾನಿದ್ದೆ, ಹೇಳಲಿಲ್ಲ. ಈ ಪತ್ರ ಓದಿದ ಮೇಲೆ ಇನ್ನು ನೀವು ಫೋನ್ ಮಾಡಲಿಕ್ಕಿಲ್ಲ. ಮಾಡಿದರೂ ಏನು ಮಾತಾಡಬೇಕೆಂದು ನನಗೆ ತಿಳಿಯದು.